ಹಕ್ಕಿಗಳನ್ನೂ ಸರೀಸೃಪಗಳನ್ನೂ ಅವುಗಳ ನೆಲೆಯಲ್ಲಿಯೇ ಚಿತ್ರಿಸುವ ಬಗೆ

ಮಗಳಿಗೆ ಒಳ್ಳೆಯದೊಂದು ಕ್ಯಾಮೆರಾ ಕೊಡಿಸಬಹುದೆ, ಅದರಿಂದ ಅವಳ ವಿದ್ಯಾಭ್ಯಾಸಕ್ಕೆ ತೊಡಕಾಗದೆ ಎಂದು ಕೆಲವರು ತಾಯ್ತಂದೆಗಳು ನಮ್ಮನ್ನು ಕೇಳುವುದುಂಟು. ಶಾಲೆಯನ್ನು ಬಿಟ್ಟು ಸಂಸಾರಸ್ಥರಾದ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಕೆಲವರು, ತಾವು ಬೆಟ್ಟದಲ್ಲಿಯೋ ಕೆರೆಯಂಗಳದಲ್ಲಿಯೋ ತೆಗೆದ ಹಕ್ಕಿಗಳ ಚಿತ್ರಗಳನ್ನು ನಮಗೆ ಕಳುಹಿಸುತ್ತಿರುವರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳಲ್ಲಿ ಈ ಹವ್ಯಾಸವು ಹಬ್ಬುತ್ತಿರುವುದರಿಂದ, ಅದನ್ನು ಕುರಿತು ಈ ಸಂಚಿಕೆಯಲ್ಲಿ ಕೆಲವು ಮಾತುಗಳನ್ನು ಬರೆಯುವುದು ಯುಕ್ತವೆಂದು ತೋರಿತು. ಕ್ಯಾಮೆರಾ ಕೊಡಿಸಬಹುದೆಂಬುದೇ ನಮ್ಮ ಉತ್ತರ. ಆದರೆ ಯಂತ್ರದ ಬೆಲೆಯನ್ನು ವಿಚಾರಿಸುವುದಕ್ಕೆ ಮೊದಲು, ಎಂಥ ಚಿತ್ರವು ಒಳ್ಳೆಯ ಚಿತ್ರವೆಂಬುದನ್ನು ವಿಚಾರಿಸತಕ್ಕದ್ದು.

ನಾವು ಅಲ್ಲಿ ಇಲ್ಲದಿದ್ದರೆ ಆ ಪ್ರಾಣಿಯು ಹೇಗಿರುತ್ತಿತ್ತೋ ಹಾಗೆಯೇ ಇರುವಾಗ ತೆಗೆದುದೇ ನಿಜವಾದ ಚಿತ್ರ. ಹೆಡೆಯೆತ್ತಿ ನಿಂತ ನಾಗರಹಾವಿನ ಚಿತ್ರವನ್ನು ನೋಡಿ ಜನರು ಬೆರಗಾಗುವರು; ಆದರೆ ನಾಗರವು ಹೆಡೆಯೆತ್ತುವುದು ಸಾಮಾನ್ಯವಾಗಿ ಹೆದರಿದಾಗ. ಅಂಥ ಚಿತ್ರದಲ್ಲಿ ಬಹುಮಟ್ಟಿಗೆ ಕಾಣುವುದು ಹಾವಿನ ಬಾಳುವೆಯಲ್ಲ, ಕ್ಯಾಮೆರಾ ಹಿಡಿದವರು ಅದಕ್ಕೆ ಕೊಟ್ಟ ಹಿಂಸೆ. ಹೆದರಿದ ಪ್ರಾಣಿಯ ಚಿತ್ರವನ್ನು ತೆಗೆಯುವುದು ಸುಲಭ; ಹೆದರದ ಪ್ರಾಣಿಯ ಚಿತ್ರಕ್ಕೆ ಹೊತ್ತು ಬೇಕು, ತಾಳ್ಮೆ ಬೇಕು.

ಈ ವಿದ್ಯೆಯ ಮೊದಲಿಗರು ಇದನ್ನು ಚೆನ್ನಾಗಿ ಅರಿತಿದ್ದರು. ಇಂಗ್ಲೆಂಡಿನ ರಿಚರ್ಡ್ ಕಿಯರ್ಟನ್ ಮತ್ತು ಚೆರಿ ಕಿಯರ್ಟನ್ ಎಂಬ ಸೋದರರು ೧೮೯೫ರಲ್ಲಿ ಹಕ್ಕಿಗೂಡುಗಳ ಛಾಯಾಚಿತ್ರಗಳ ಪುಸ್ತಕವೊಂದನ್ನು ಪ್ರಕಟಿಸಿದರು. ಹಕ್ಕಿಗಳು ದನಗಳಿಗೆ ಹೆದರುವುದಿಲ್ಲವೆಂಬುದನ್ನು ಕಂಡು, ಎತ್ತಿನ ಚರ್ಮದಿಂದ ಪೊಳ್ಳಾದ ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯಲ್ಲಿ ಅಡಗಿ ಚಿತ್ರ ತೆಗೆದರು. ಉಳುವ ಎತ್ತಿನ ಕಾಲಬುಡದಲ್ಲಿಯೇ ಬೆಳ್ಳಕ್ಕಿಗಳು ಹುಳುಗಳನ್ನಾಯುವುದನ್ನು ಕಂಡ ನಮ್ಮ ರೈತರಿಗೆ ಇದು ಹೊಸ ಮಾತೇನೂ ಆಗಲಾರದು. ಆ ಕಾಲದಲ್ಲಿ ಹಕ್ಕಿಯನ್ನು ಅಭ್ಯಾಸಮಾಡುವವರು ಅದನ್ನು ಹೊಡೆದು ಚರ್ಮವನ್ನು ಸಂಗ್ರಹಿಸುತ್ತಿದ್ದರು. ಸಲೀಂ ಅಲಿಯವರು ೧೯೩೯-೪೦ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಪರಿಶೀಲನೆ ನಡೆಸಿದಾಗಲೂ ವಿದ್ವಾಂಸರಲ್ಲಿ ಆ ಪದ್ಧತಿಯೇ ರೂಢಿಯಲ್ಲಿತ್ತು. ಆ ಕೆಲಸದಲ್ಲಿ ಎಷ್ಟೋ ಭಾಗವನ್ನು ಇಂದು ಛಾಯಾಚಿತ್ರವು ರಕ್ತ ಬೀಳದೆ ನಡೆಸಿಕೊಡುತ್ತಿರುವುದು. ನಮ್ಮ ಬೆಂಗಳೂರಿನ ಇ. ಹನುಮಂತರಾಯರೂ ಟಿ. ಎನ್. ಎ. ಪೆರುಮಾಳರೂ ಫಿಲ್ಮಿನ ಕಾಲದಲ್ಲಿ ಚಿತ್ರ ತೆಗೆದು ಕೀರ್ತಿಯನ್ನು ಪಡೆದವರು. ಆಗ ಒಂದು ಸುರುಳಿಯಲ್ಲಿ ಹೆಚ್ಚೆಂದರೆ ೩೬ ಚಿತ್ರಗಳು. ಆದುದರಿಂದ ಗುಂಡಿಯನ್ನು ಒತ್ತುವುದಕ್ಕೆ ಮೊದಲು ಯೋಚಿಸುವ ಅಭ್ಯಾಸವು ತಾನಾಗಿ ಬರುತ್ತಿದ್ದಿತು. ಈಗಿನ ಯಂತ್ರವು ಒಂದು ನಿಮಿಷದಲ್ಲಿ ನೂರಾರು ಚಿತ್ರಗಳನ್ನು ನುಂಗುವುದು. ಇದು ಪೂರ್ತಿ ಲಾಭವೆಂದು ನಮಗೆ ತೋರುವುದಿಲ್ಲ.

ಇನ್ನು ನಮ್ಮ ಸೀಮೆಯ ಮಾತು. ಇಲ್ಲಿಯ ಕರಿಬಂಡೆಗಳನ್ನು ಭೂಗರ್ಭಶಾಸ್ತ್ರಜ್ಞರು, ರಾಮನಗರದ ಹಳೆಯ ಹೆಸರಿನಿಂದಲೇ, ಕ್ಲೋಸ್‌ಪೇಟೆ ಶಿಲೆಯೆಂದು ಕರೆಯುವರು. ಇವುಗಳ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ರಾಮದೇವರ ಬೆಟ್ಟದ ಬಂಡೆಯ ಚಾಚುಗಳಲ್ಲಿ ಉದ್ದಕೊಕ್ಕಿನ ರಣಹದ್ದು ಬಹುಕಾಲದಿಂದ ಗೂಡು ಕಟ್ಟಿಕೊಂಡು ಬಂದಿದೆ. ೧೯೯೦ರ ದಶಕದಿಂದೀಚೆಗೆ ಭಾರತದಲ್ಲಿ ಈ ಜಾತಿಯ ಹಕ್ಕಿಗಳು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚಾಗಿ ಅಳಿದುಹೋದುವು. ಕಾರಣವು ೨೦೦೪ರಲ್ಲಿ ಸ್ಪಷ್ಟವಾಯಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುತ್ತಿದ್ದಿತು. ಪಶುವೈದ್ಯದಲ್ಲಿ ಅದರ ಬಳಕೆಯನ್ನು ಸರಕಾರವು ೨೦೦೬ರಲ್ಲಿ ನಿಷೇಧಿಸಿತು. ೨೦೧೨ರಲ್ಲಿ ರಾಮದೇವರ ಬೆಟ್ಟದ ಸುಮಾರು ೩೪೬ ಹೆಕ್ಟೇರು ಪ್ರದೇಶವನ್ನು ರಣಹದ್ದುಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ಇಷ್ಟಾದರೂ ಅಲ್ಲಿ ಈಗ ಉಳಿದಿರುವ ಉದ್ದಕೊಕ್ಕಿನ ಹಕ್ಕಿಗಳು ಬೆರಳೆಣಿಕೆಯವು.

ಈ ಹಕ್ಕಿಯು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಗಂಡೂ ಹೆಣ್ಣೂ ಸರದಿಯಿಂದ ಸುಮಾರು ಏಳು ವಾರ ಅದಕ್ಕೆ ಕಾವು ಕೊಡುವುವು. ಹುಟ್ಟಿದ ಮರಿಯು ಹಾರುವುದಕ್ಕೆ ಮತ್ತೆ ಮೂರು ತಿಂಗಳಿಗೂ ಹೆಚ್ಚು ಬೇಕು. ಚಳಿಗಾಲದಲ್ಲಿ ಮೊದಲಾದ ಈ ಕೆಲಸವು ಮುಗಿಯುವಷ್ಟರಲ್ಲಿ ಬೇಸಗೆ ಬಂದಿರುವುದು. ಈ ನಡುವೆ ಯಾರಾದರೂ ಹತ್ತಿರದ ಚಿತ್ರಕ್ಕಾಗಿ ಬಂಡೆಯೇರಿಯೋ, ಹಾರುವ ಡ್ರೋನ್ ಯಂತ್ರವನ್ನು ಕಳುಹಿಸಿಯೋ ತಾಯಿಹಕ್ಕಿಯನ್ನು ಎಬ್ಬಿಸಿದರೆ ಮೊಟ್ಟೆಯು ತಣ್ಣಗಾಗಬಹುದು, ಮರಿಯು ಬಿಸಿಲಿಗೆ ಬೇಯಬಹುದು, ಬೇರೆ ಹದ್ದುಗಳ ಪಾಲಾಗಬಹುದು. ಆ ವರ್ಷಕ್ಕೆ ಆ ಜೋಡಿಯ ಸಂತಾನವು ಅಲ್ಲಿಗೆ ಮುಗಿಯಿತು. ಸಾವಿರ ಜೋಡಿಗಳಿದ್ದಲ್ಲಿ ಒಂದು ಮೊಟ್ಟೆ ಹೋದರೆ ಸಹಿಸಬಹುದಾಗಿತ್ತು; ಇಲ್ಲಿ ಒಂದೇ ಮೊಟ್ಟೆಯು ಇಡೀ ಬೆಟ್ಟದ ಆ ವರ್ಷದ ಫಲವಾಗಬಹುದು. ೧೯೭೫ರ ಶೋಲೆ ಎಂಬ ಹಿಂದೀ ಚಲನಚಿತ್ರದ ನೆಲವನ್ನು ನೋಡಲು ಬರುವ ಜನರ ಗದ್ದಲವು ಮೊದಲೇ ಇದೆ. ಅದಕ್ಕೆ ನಾವೂ ಕೂಡಿಕೊಳ್ಳುವುದು ಬೇಡ. ಕೆಳಗೆ ನಿಂತು, ಆಕಾಶದಲ್ಲಿ ರೆಕ್ಕೆ ಬಡಿಯದೆ ತೇಲುವ ಹಕ್ಕಿಯನ್ನು ದೂರದ ಮಸೂರದಿಂದ ಚಿತ್ರಿಸಿದರೆ ಸಾಕು. ಬಿಸಿಲೇರಿ ಬಂಡೆಯಿಂದ ಬಿಸಿಗಾಳಿ ಏಳತೊಡಗಿದ ಮೇಲೆಯೇ ಅವು ಮೇಲೇರುವುವಾದುದರಿಂದ ಇದಕ್ಕಾಗಿ ನಸುಕಿನಲ್ಲಿ ಎದ್ದು ಓಡಬೇಕಾದುದೂ ಇಲ್ಲ.

ವನ್ಯಜೀವಿಗಳ ಸಂರಕ್ಷಣೆಗಾಗಿ ೧೯೭೨ರಲ್ಲಿ ಆದ ಶಾಸನದಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥವನ್ನು ಇಲ್ಲಿ ತಿಳಿಸುವುದು ಅವಶ್ಯ. ಹಕ್ಕಿಗಳ ಮತ್ತು ಸರೀಸೃಪಗಳ ಮೊಟ್ಟೆಗಳನ್ನಾಗಲಿ ಗೂಡುಗಳನ್ನಾಗಲಿ ಕದಲಿಸಿ ತೊಂದರೆಪಡಿಸುವುದೂ ಆ ಅರ್ಥದಲ್ಲಿ ಸೇರಿದೆ. ಚಿತ್ರವು ಚೆನ್ನಾಗಿ ಕಾಣಲೆಂದು ಗೂಡಿನ ಮುಂದಿನ ಎಲೆಗಳನ್ನು ಸರಿಸುವವರು ಇದನ್ನು ನೆನೆಯಲಿ. ಗೂಡಿನ ಚಿತ್ರಗಳನ್ನು ಇತ್ತೀಚೆಗೆ ಎಷ್ಟೋ ಸ್ಪರ್ಧೆಗಳಲ್ಲಿ ಸ್ವೀಕರಿಸುವುದೂ ಇಲ್ಲ.

ಮಾಗಡಿಯ ಕಡೆ ಸಾವನದುರ್ಗವಿದೆ. ಎತ್ತರವು ೧,೨೨೬ ಮೀಟರು. ಅದರ ತಪ್ಪಲಿನ ಕುರುಚಲಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿಯುಂಟು. ದಕ್ಷಿಣದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇದು ಇಲ್ಲ. ಬಹಳ ನಾಚಿಕೆಯ ಹಕ್ಕಿ. ಇದನ್ನು ಹೊರಗೆ ಬರಿಸಲು ಮೊಬೈಲಿನಲ್ಲಿ ಇದರದೇ ಕೂಗನ್ನು ಹಾಡಿಸುವವರುಂಟು. ತನ್ನ ಎಲ್ಲೆಯೊಳಗೆ ಬೇರೊಂದು ಹಕ್ಕಿ ನುಗ್ಗಿತೆಂದು ತಿಳಿದು ಅದು ಮೇವನ್ನೂ ಮರಿಯನ್ನೂ ಬಿಟ್ಟು ಕಾದಾಡಲು ಬರುವುದು. ಸುಳ್ಳು ಹೇಳಿ ಮನೆಯಿಂದ ಹೊರಗೆ ಕರೆದಂತೆ ಇದು. ಹಣ್ಣು ಬಿಟ್ಟ ಅತ್ತಿಯ ಮರದಿಂದ ದೂರದಲ್ಲಿ ಸುಮ್ಮನೆ ಕುಳಿತರೆ, ಅದು ಇಂದಲ್ಲದಿದ್ದರೆ ನಾಳೆ ತಾನಾಗಿಯೇ ಬರಬಹುದು.

ಅದೇ ಬಂಡೆಗಳ ಮೇಲೆ ಹುಡುಗಿಯರು ಅಭ್ಯಾಸವನ್ನು ಪ್ರಾರಂಭಿಸುವುದಕ್ಕೆ ಅತ್ಯುತ್ತಮವಾದ ಪ್ರಾಣಿಯೊಂದಿದೆ: ಬಂಡೆ ಓತಿ. ಹೆಣ್ಣು ಕಲ್ಲಿನ ಬಣ್ಣದ್ದು. ಮರಿಮಾಡುವ ಕಾಲದಲ್ಲಿ ಗಂಡಿನ ಬೆನ್ನು ಕೆಂಡದಂತಾಗಿ, ಪಕ್ಕೆಗಳು ಕಪ್ಪಾಗುವುವು. ಈ ಬಣ್ಣವು ಸ್ಥಿರವಲ್ಲ. ಹೆಣ್ಣಿನೆದುರು ಒಂದು ಬಗೆ, ಎದುರಾಳಿಯ ಮುಂದೆ ಇನ್ನೊಂದು ಬಗೆ, ಕೆಲವು ಕ್ಷಣಗಳಲ್ಲಿಯೇ ಬದಲಾಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದನ್ನು ವಿವರವಾಗಿ ಅಭ್ಯಾಸಮಾಡಿರುವರು. ಹಿಡಿದು ಹೆದರಿಸಿದರೆ ಆ ಕೆಂಪು ಮಾಸಿಹೋಗುವುದು. ಓತಿಯನ್ನು ಹಿಡಿದು ತಂದು ಚಿತ್ರಿಸಿದವರಿಗೆ ಅದರ ನಿಜವಾದ ಬಣ್ಣವು ದೊರೆಯುವುದಿಲ್ಲವೆಂದಾಯಿತು! ಸರೀಸೃಪಗಳು ಚಳಿಗೆ ಜಡವಾಗುವುವೆಂದು ತಿಳಿದು ಅವುಗಳನ್ನು ಶೀತಪೆಟ್ಟಿಗೆಯಲ್ಲಿಟ್ಟು ಅನಂತರ ಚಿತ್ರಿಸುವ ಕ್ರೂರರೂ ಇದ್ದಾರೆ; ಬೆಳಗಿನ ಎಳೆಬಿಸಿಲಿಗೆ ಮೈಯೊಡ್ಡಿ ತಾನಾಗಿ ನಿಶ್ಚಲವಾಗಿರುವ ಓತಿಯನ್ನು ಬಿಟ್ಟು ಅದೇಕೆ ಬೇಕೋ ತಿಳಿಯದು. ಹೊಟ್ಟೆಯ ಮೇಲೆ ಮಲಗಿ, ಮಸೂರವನ್ನು ಓತಿಯ ಕಣ್ಣಿನ ಮಟ್ಟಕ್ಕೆ ಇಳಿಸಿ, ಕಣ್ಣು ಸ್ಫುಟವಾಗಿ ಮೂಡುವಂತೆ ನೋಡಿಕೊಳ್ಳಬೇಕು. ಹತ್ತು ಗಂಟೆಯ ಮೇಲೆ ಕಾದ ಬಂಡೆಯ ಝಳದಿಂದ ಚಿತ್ರವು ನಡುಗಿದಂತಾಗುವುದು.

ಹಾವುಗಳ ವಿಷಯದಲ್ಲಿ ನಮ್ಮ ಮಾತು ಕಡಿಮೆ, ಆದರೆ ಕಟ್ಟುನಿಟ್ಟು. ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸಮಂಡಲ ಈ ನಾಲ್ಕರ ಕಡಿತದಿಂದಲೇ ನಮ್ಮ ದೇಶದಲ್ಲಿ ಹೆಚ್ಚಿನ ಸಾವುಗಳು ಆಗುವುವು. ಕೋಲಿನಿಂದ ಹಾವನ್ನು ಆಡಿಸಿ ಚಿತ್ರ ತೆಗೆಯುವವರ ಜೊತೆಗೆ ಹೋಗತಕ್ಕದ್ದಲ್ಲ. ಕೇರೆಹಾವು ಬೇಲಿಯ ಬಳಿ ಹರಿದುಹೋಗುವಾಗ ದೂರದಿಂದ ತೆಗೆಯಲು ಅಡ್ಡಿಯಿಲ್ಲ.

ಚನ್ನಪಟ್ಟಣದವರಿಗೆ ಕಣ್ವ ಜಲಾಶಯವಿದೆ. ನೀರು ಇಳಿದ ಬೇಸಗೆಯಲ್ಲಿ ಇಂಥ ದಡಗಳ ಬೆಣಚುಗಳ ನಡುವೆಯೇ ಟಿಟ್ಟಿಭವು ಮೊಟ್ಟೆಯಿಡುವುದು. ಮೊಟ್ಟೆಗಳು ಕಲ್ಲಿನಂತೆಯೇ ಕಾಣುವುವು. ಬಿಸಿಲಿನ ತಾಪವು ಹೆಚ್ಚಾದರೆ ತಾಯಿಯು ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪುಮಾಡುವುದು. ಹಕ್ಕಿಯು ತಲೆಯ ಮೇಲೆ ಸುತ್ತಿ ಕಿರುಚಿದರೆ ಚಿತ್ರಕ್ಕೆ ಒಳ್ಳೆಯ ಸಮಯವೆಂದು ತಿಳಿಯಬಾರದು. ಬಂದ ಹೆಜ್ಜೆಯಲ್ಲಿಯೇ ಹಿಂದಿರುಗತಕ್ಕದ್ದು. ಕನಕಪುರದ ಸಂಗಮದಲ್ಲಿ ಅರ್ಕಾವತಿಯು ಕಾವೇರಿಯನ್ನು ಸೇರುವುದು. ಕಾವೇರಿಯ ಬಂಡೆಗಳ ಮೇಲೆ ಮೊಸಳೆಯು ಬಾಯಿ ತೆರೆದು ಮಲಗಿರುವುದನ್ನು ಕಾಣಬಹುದು. ಅದು ಸಿಟ್ಟಲ್ಲ, ತಲೆಯ ಕಾವನ್ನು ಇಳಿಸಿಕೊಳ್ಳುವ ಉಪಾಯ. ಆದರೂ ನೀರಿನ ಅಂಚಿಗೆ ಇಳಿಯಬೇಡಿರಿ. ಆ ಕಾಡಿನಲ್ಲಿ ಆನೆಗಳೂ, ರಾಮನಗರದ ಗುಡ್ಡಗಳಲ್ಲಿ ಕರಡಿ ಚಿರತೆಗಳೂ ಇರುವುದರಿಂದ ಹುಡುಗಿಯರು ಒಬ್ಬೊಬ್ಬರಾಗಿ ಹೋಗತಕ್ಕದ್ದಲ್ಲ. ಮನೆಯಲ್ಲಿ ತಿಳಿಸಿ, ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಅಪ್ಪಣೆಯನ್ನು ಪಡೆದು, ಜೊತೆಗಾರರೊಡನೆ ಹೋಗಬೇಕು.

ಉಪಕರಣಗಳ ಮಾತು ಸ್ವಲ್ಪ. ಹಕ್ಕಿಗಳಿಗೆ ೪೦೦ ಮಿಲಿಮೀಟರಿನಷ್ಟಾದರೂ ಉದ್ದದ ಮಸೂರವಿದ್ದರೆ ಹತ್ತಿರ ಹೋಗುವ ಆಸೆಯು ತಗ್ಗುವುದು; ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಅಥವಾ ಅದಕ್ಕೂ ಕಡಿಮೆಯ ಹೊತ್ತು ಬೆಳಕನ್ನು ಬಿಡಬೇಕು. ರಾತ್ರಿ ಗೂಬೆಯ ಕಣ್ಣಿಗೆ ಮತ್ತೆ ಮತ್ತೆ ಬೆಳಕು ಮಿಂಚಿಸುವುದು ಬೇಡ. ಮಣ್ಣಿನ ಬಣ್ಣದ ಬಟ್ಟೆಯೇ ಮೇಲು. ನಮ್ಮ ಶಾಲೆಯ ಬಿಳಿಯ ಸಮವಸ್ತ್ರವು ಎಷ್ಟೇ ಚೆಂದವಾಗಿದ್ದರೂ ಈ ಕೆಲಸಕ್ಕೆ ಬಾರದು. ಅಷ್ಟು ಹಣವಿಲ್ಲದವರು ನಿರಾಶರಾಗಬೇಕಿಲ್ಲ. ಹಿಪ್ಪುನೇರಳೆಯ ತೋಟದಲ್ಲಿಯೂ ಹಿತ್ತಲಿನ ಬಾಳೆಯ ಹೂವಿನಲ್ಲಿಯೂ ಸೂರಕ್ಕಿ, ಮಡಿವಾಳ, ಪಿಕಳಾರಗಳು ದಿನವೂ ಬರುವುವು. ಮನೆಯವರನ್ನು ಕಂಡು ಪಳಗಿದ ಈ ಹಕ್ಕಿಗಳನ್ನು ಕಿಟಕಿಯ ಮರೆಯಿಂದ ಸಾಮಾನ್ಯ ಯಂತ್ರದಿಂದಲೂ ಚಿತ್ರಿಸಬಹುದು.

ತೆಗೆದ ಪ್ರತಿಯೊಂದು ಚಿತ್ರಕ್ಕೂ ದಿನ, ಹೊತ್ತು, ಹವೆ, ಪ್ರಾಣಿಯು ಮಾಡುತ್ತಿದ್ದ ಕೆಲಸ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಸ್ಥಳವನ್ನೂ ಬರೆಯಿರಿ, ಆದರೆ ಅಪರೂಪದ ಪ್ರಾಣಿಯಾದರೆ ಅದನ್ನು ನಾಲ್ವರಿಗೆ ಸಾರಬೇಡಿರಿ. ನಕ್ಷತ್ರ ಆಮೆಯನ್ನು ಕದ್ದು ಮಾರುವವರ ಕಾಟದಿಂದಾಗಿ ೨೦೧೯ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಲ್ಲಿಸುವ ಒಪ್ಪಂದವಾಯಿತು. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಅನೇಕ ವೇಳೆ ಸ್ಥಳದ ಗುರುತು ನಮಗೆ ಕಾಣದಂತೆ ಸೇರಿಕೊಂಡಿರುವುದು. ಚಿತ್ರವನ್ನು ಯಾರಿಗಾದರೂ ಕಳುಹಿಸುವುದಕ್ಕೆ ಮೊದಲು ಮೊಬೈಲಿನ ಕ್ಯಾಮೆರಾದಲ್ಲಿ ಆ ಏರ್ಪಾಡನ್ನು ನಿಲ್ಲಿಸಿರುವಿರೋ ಇಲ್ಲವೋ ನೋಡಿಕೊಳ್ಳಿರಿ. ತಿಳಿಯದಿದ್ದರೆ ನಮ್ಮ ಹತ್ತನೆಯ ತರಗತಿಯ ಹುಡುಗಿಯರನ್ನು ಕೇಳಿದರೆ ಅರೆನಿಮಿಷದಲ್ಲಿ ಮಾಡಿಕೊಡುವರು.