ಗರ್ಭದಲ್ಲೇ ಶುರುವಾಗುವ ಆರೋಗ್ಯ
(ಮರಿಯಮ್ಮನವರ ಭೇಟಿಯ ಹಬ್ಬ, ಮೇ 31)



ಮರಿಯಮ್ಮನವರು ಎಲಿಜಬೇತಮ್ಮನವರ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದರೆಂದು ಸಂತ ಲೂಕರು ಬರೆಯುತ್ತಾರೆ. ಮರಿಯಮ್ಮನವರ ಸ್ತುತಿಗೀತೆ ನಮಗೆ ನೆನಪಿರುತ್ತದೆ, ಆ ಮೂರು ತಿಂಗಳು ಮರೆತುಹೋಗುತ್ತದೆ. ವಯಸ್ಸಾದ ಬಸುರಿಗೆ ಅದೆಷ್ಟು ಆಸರೆಯಾಗಿರಬೇಕು!

ಬಸುರಿಯ ಆರೈಕೆ ಮಗುವಿನ ಮುಪ್ಪಿನವರೆಗೂ ಮುಟ್ಟುತ್ತದೆಯೇ? ಉತ್ತರದ ಒಂದು ಪಾಲು ನಮ್ಮ ಮೈಸೂರಿನಲ್ಲೇ ಸಿಕ್ಕಿತು. ಮಂಡಕಳ್ಳಿಯವರಾದ ನಮಗೂ ಪರಿಚಿತವಾದ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. 1954ರವರೆಗೆ ಅಲ್ಲಿ ಹುಟ್ಟಿದವರಲ್ಲಿ 517 ಮಂದಿಯನ್ನು, ಅವರು ದೊಡ್ಡವರಾದ ಮೇಲೆ, ಸಂಶೋಧಕರು ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಐದೂವರೆ ಪೌಂಡ್ (ಎರಡೂವರೆ ಕಿಲೋ) ಅಥವಾ ಅದಕ್ಕೂ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು. ಏಳು ಪೌಂಡಿಗಿಂತ ಹೆಚ್ಚಿದ್ದವರಲ್ಲಿ 3 ಮಂದಿಗೆ ಮಾತ್ರ.

ಹೇಗೆ? ತಂದೆತಾಯಿಯಿಂದ ಬಂದ ವಂಶವಾಹಿಗಳು ಹಾಗೆಯೇ ಇರುತ್ತವೆ. ಆದರೆ ಅವುಗಳ ಮೇಲೆ ಅಂಟಿಕೊಳ್ಳುವ ಸಣ್ಣ ರಾಸಾಯನಿಕ ಗುರುತುಗಳು ಯಾವುದು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಪ್ರಭಾವಿಸುತ್ತವೆ. ತಾಯಿಯ ಊಟ, ತಂಬಾಕಿನ ಹೊಗೆ ಇಂಥವು ಆ ಗುರುತುಗಳನ್ನು ಬದಲಿಸಬಲ್ಲವು. ಇದನ್ನು ಓದುವ ಶಾಸ್ತ್ರವೇ ಎಪಿಜೆನೆಟಿಕ್ಸ್. ಮೈಸೂರಿನ ಲೆಕ್ಕಕ್ಕೆ ಇದೊಂದೇ ಕಾರಣವೆನ್ನಲಾಗದು. ಚಿಕ್ಕದಾಗಿ ಹುಟ್ಟಿದ್ದು ಹಣೆಬರಹವೂ ಅಲ್ಲ. ಅಂಥವರಲ್ಲೂ ನೂರಕ್ಕೆ 89 ಮಂದಿಗೆ ಹೃದ್ರೋಗವಿರಲಿಲ್ಲ.

ತಾಯಂದಿರನ್ನು ದೂರಲು ಇದನ್ನು ಬಳಸಬೇಡಿ. "ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟ" ಎಂದು ಬಸುರಿಯ ತಟ್ಟೆಗೆ ಅನ್ನ ಕಡಿಮೆ ಬಡಿಸುವವರು ಎಷ್ಟೋ ಸಲ ಹಿರಿಯರಾದ ನಾವೇ. ಎಲ್ಲರದೂ ಮುಗಿದ ಮೇಲೆ ತಳದಲ್ಲಿ ಉಳಿದ ಸಾರು ಸೊಸೆಗೆ. ಈ ಹಬ್ಬದ ಊಟಕ್ಕೆ ಕುಳಿತಾಗ, ಮೊದಲ ತಟ್ಟೆ ಯಾರ ಮುಂದೆ ಇದೆ ನೋಡೋಣ.