ಐದು ಮುಡಿಯೋ, ಐದೂ ಕಾಲು ಮುಡಿಯೋ: ಒಂದು ಸ್ಕ್ಯಾನ್ ತೆರೆದ ಕಥೆ

ಕಲ್ಲಿಗೆ ಸಿಮೆಂಟ್ ಮೆತ್ತಿದ ಮೇಲೆ ನಮಗೆ ಉಳಿಯೋದು ಹಳೆಯ ಪಡಿಯಚ್ಚು, ಇಲ್ಲವೇ ಸ್ಕ್ಯಾನ್. ಹತ್ತು ವರ್ಷದ ಹಿಂದೆ ನಾನು ಸ್ಕ್ಯಾನ್ ಮಾಡಿದ್ದ ಒಂದು ದಾನಶಾಸನಕ್ಕೆ ಹೀಗೇ ಆಯಿತು. ಅದರಲ್ಲಿ ಅಕ್ಕಿಯ ಲೆಕ್ಕದ '೫' ಅಂಕೆಯ ಪಕ್ಕ ಒಂದು ನೇರ ಗೆರೆ ಇತ್ತು. ಹಳೆಯ ಲೆಕ್ಕದಲ್ಲಿ ಒಂದು ಗೆರೆ ಎಂದರೆ ಕಾಲು. ಇದು ಉಳಿಯ ಗೆರೆಯೋ, ಕಲ್ಲಿನ ಬಿರುಕೋ?

ಆ ಫೈಲನ್ನು ಓದುವ ಲೈಬ್ರರಿಯನ್ನು ನಾನು ವಿಷುಯಲ್ ಸ್ಟುಡಿಯೋ 2013ರಲ್ಲಿ ಬಿಲ್ಡ್ ಮಾಡಿದ್ದೆ. ಈಗ ಉರ್ವದ ಮನೆಯ ಕಂಪ್ಯೂಟರಿನಲ್ಲಿ ಇರೋದು 2022. ಕ್ಲೌಡ್‌ಕಂಪೇರ್ ತಂತ್ರಾಂಶಕ್ಕೆ ಜೋಡಿಸಲು ಹೋದರೆ ಲಿಂಕರ್ ನಿಂತುಬಿಟ್ಟಿತು: ಎಲ್‌ಎನ್‌ಕೆ 2038, '1800' ಮತ್ತು '1900' ಹೊಂದುತ್ತಿಲ್ಲ.

ಲಿಪಿಯ ರೂಪ ನೋಡಿ ನಾವು ಕಾಲ ಹೇಳುವ ಹಾಗೆ, ಲಿಂಕರ್ ಕೂಡ ಆಬ್ಜೆಕ್ಟ್ ಫೈಲಿನೊಳಗಿನ ಗುರುತು ನೋಡುತ್ತದೆ. 1800 ಅಂದರೆ 2013ರ ಟೂಲ್‌ಸೆಟ್ (ವಿ120). 2015, 2017, 2019, 2022ರ ಟೂಲ್‌ಸೆಟ್‌ಗಳು (ವಿ140, 141, 142, 143) ಒಂದೇ ಕುಟುಂಬ. ಅವುಗಳ ಲೈಬ್ರರಿಗಳನ್ನು ಬೆರೆಸಬಹುದು. ಷರತ್ತು ಎರಡು: ಕೊನೆಯ ಲಿಂಕನ್ನು ಅವುಗಳಲ್ಲಿ ಹೊಸದರಿಂದಲೇ ಮಾಡಬೇಕು, '/ಜಿಎಲ್' ಆಯ್ಕೆಯಿಂದ ಕಂಪೈಲ್ ಆದ ಸ್ಟ್ಯಾಟಿಕ್ ಲೈಬ್ರರಿಗಳನ್ನು ಬೆರೆಸಬಾರದು. ಹಾಗಾಗಿ 2019ಕ್ಕೆಂದು ಸಿಗುವ ಕ್ಯೂಟಿ 2022ರಲ್ಲೂ ನಡೆಯುತ್ತದೆ. ಮಿಂಗ್‌ಡಬ್ಲ್ಯೂ ಕ್ಯೂಟಿ ನಡೆಯೋದಿಲ್ಲ.

ನನಗೆ ಉಳಿದ ದಾರಿ ಒಂದೇ, ಲೈಬ್ರರಿಯನ್ನು ಮತ್ತೆ ಬಿಲ್ಡ್ ಮಾಡೋದು. ಪುಣ್ಯಕ್ಕೆ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಸೋರ್ಸ್ ಸಿಕ್ಕಿತು. ಪ್ರಾಜೆಕ್ಟ್ ತೆರೆದೊಡನೆ ಎಂಎಸ್‌ಬಿ 8020, ಅಂದರೆ 'ವಿ120 ಟೂಲ್ಸ್ ಇಲ್ಲ' ಎಂಬ ದೂರು. ಪ್ರಾಜೆಕ್ಟ್ ಪ್ರಾಪರ್ಟೀಸ್‌ನಲ್ಲಿ ಪ್ಲಾಟ್‌ಫಾರ್ಮ್ ಟೂಲ್‌ಸೆಟ್ ಅನ್ನು ವಿ143 ಮಾಡಿದೆ. ಸಿಮೇಕ್ ಬಳಸುವವರು '-ಟಿ' ಆಯ್ಕೆಯಲ್ಲಿ ಹೇಳಬೇಕು, ಅದೂ ಹೊಸ ಬಿಲ್ಡ್ ಫೋಲ್ಡರಿನಲ್ಲಿ. ಹಳೆಯ ಕ್ಯಾಶ್ ಇದ್ದರೆ ಒಪ್ಪೋದಿಲ್ಲ. ಆಮೇಲೂ ಎಲ್‌ಎನ್‌ಕೆ 2038 ಬಂತು. ಈ ಸಲ ಜಗಳ 'ರನ್‌ಟೈಮ್ ಲೈಬ್ರರಿ'ಯದ್ದು. ಒಂದು ಡಿಬಗ್, ಇನ್ನೊಂದು ರಿಲೀಸ್. ಎರಡನ್ನೂ ರಿಲೀಸ್ ಮಾಡಿದೆ, ಬಿಲ್ಡ್ ಆಯಿತು.

ಮಾದರಿ ತೆರೆದು ಆ ಗೆರೆಯ ಅಡ್ಡ ಸೀಳುನೋಟ ತೆಗೆದೆ. ಅದರ ಆಳ, ಇಂಗ್ಲಿಷಿನ 'ವಿ'ಯಂಥ ಆಕಾರ ಎರಡೂ ಅಕ್ಕಪಕ್ಕದ ಅಕ್ಷರಗಳ ಹಾಗೇ ಇದ್ದವು. ಎರಡೂ ತುದಿ ಚೊಕ್ಕವಾಗಿ ಮುಗಿದಿದ್ದವು. ಬಿರುಕಲ್ಲ, ಉಳಿಯದೇ. ನನ್ನ ಟಿಪ್ಪಣಿಯಲ್ಲಿದ್ದ 'ಐದು ಮುಡಿ' ತಪ್ಪು. ದಾನ ಐದೂ ಕಾಲು ಮುಡಿ.

ನಿಮ್ಮಲ್ಲೂ ಸ್ಕ್ಯಾನ್‌ಗಳಿದ್ದರೆ ಒಂದು ಪ್ರತಿಯನ್ನು 'ಪಿಎಲ್‌ವೈ'ಯಂಥ ಮುಕ್ತ ರೂಪದಲ್ಲಿ ಇಡಿ. ತಂತ್ರಾಂಶ ನಿಮ್ಮದೇ ಆದರೆ ಸೋರ್ಸ್ ಜತೆಗೆ ಟೂಲ್‌ಸೆಟ್ ಆವೃತ್ತಿಯನ್ನೂ ಬರೆದಿಡಿ. ಆ ಕಲ್ಲನ್ನು ಇನ್ನೊಮ್ಮೆ ನೋಡಲು ನನಗಂತೂ ಆಗೋದಿಲ್ಲ.