ಆರ್ಗನ್ನಿನ ನೆನಪಿನ ಗುಂಡಿ
ಲತೀನ್ ಧರ್ಮಸಭೆಯಲ್ಲಿ ಪೈಪ್ ಆರ್ಗನ್ನಿಗೆ ಉನ್ನತ ಗೌರವ ಸಲ್ಲಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಸಾರಿತು. ಆದರೆ ಕುಂದಾಣದಂಥ ಗ್ರಾಮಗಳಿಗೆ ಆ ವಾದ್ಯ ಎಟುಕುವುದೆಲ್ಲಿ? ಗ್ರಾಂಡ್ ಆರ್ಗ್ ಎಂಬ ಉಚಿತ ತಂತ್ರಾಂಶವು ನೈಜ ಕೊಳವೆಗಳ ಮುದ್ರಿತ ಧ್ವನಿಯನ್ನು ಗಣಕಯಂತ್ರದಿಂದ ನುಡಿಸುತ್ತದೆ.

ಅದರಲ್ಲಿ ನಮ್ಮ ಗಮನ ಸೆಳೆದದ್ದು 'ಪಿಸ್ಟನ್'. ಆರ್ಗನ್ನಿನ ಒಂದೊಂದು ನಾದಕ್ಕೂ ಒಂದು 'ಸ್ಟಾಪ್' ಉಂಟು. ಕಾಣಿಕೆಯ ಗೀತೆಗೆ ಮೃದುವಾದ ಕೊಳಲ ದನಿ, ಮಹಿಮಾಗೀತೆಗೆ ತುಂಬುನಾದ ಬೇಕು. ಸ್ಟಾಪುಗಳನ್ನು ಒಂದೊಂದಾಗಿ ಬದಲಿಸುತ್ತ ಹೋದರೆ ಕೈ ಕೀಲಿಮಣೆಯನ್ನು ಬಿಡುತ್ತದೆ, ಜನರ ಹಾಡು ಮುಗ್ಗರಿಸುತ್ತದೆ. ಬೇಕಾದ ಸ್ಟಾಪುಗಳನ್ನು ಮೊದಲೇ ತೆರೆದು, 'ಸೆಟ್' ಒತ್ತಿ, ಸಂಖ್ಯೆಯ ಗುಂಡಿಯನ್ನೊತ್ತಿದರೆ ಆ ಜೋಡಣೆ ನೆನಪಿನಲ್ಲುಳಿಯುತ್ತದೆ. ಮುಂದೆ ಆ ಗುಂಡಿಯೊಂದೇ ಸಾಕು. ನಾಲ್ಕು ಜೋಡಣೆಗಳಿಗಿಂತ ಹೆಚ್ಚು ಬೇಡವೆಂಬುದು ನಮ್ಮ ಅಭಿಮತ; ಬಲಿಪೂಜೆ ಸಂಗೀತ ಕಛೇರಿಯಲ್ಲವಷ್ಟೆ. ವಿದ್ಯುತ್ ಕೈಕೊಡುವ ಮುನ್ನ ಅವನ್ನು ಕಡತದಲ್ಲಿ ಉಳಿಸಿಕೊಳ್ಳಿರಿ.